ಘಾಟಿ ರಸ್ತೆಯಲ್ಲಿ ಸ್ಪೋರ್ಟ್ಸ್ ಕಾರು: ಓಡಿಸುವುದೋ, ನೋಡುವುದೋ? (ಅಡ್ಡಹೆಸರಿನಲ್ಲಿ ಬರೆಯುವವರ ಚರ್ಚೆ)

ಮೂರನೇ ಗೇರ್:

ಬಹುದಿನದ ಆಸೆ ಕೈಗೂಡಿದೆ. ಎರಡೇ ಸೀಟಿನ, ಚಾವಣಿ ಮಡಚುವ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದೇನೆ. 1.6 ಲೀಟರ್ ಎಂಜಿನ್, ಅದಕ್ಕೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ, ಐದು ಗೇರು, ಓಡುವುದು ಹಿಂದಿನ ಚಕ್ರಗಳ ಬಲದಿಂದ. ತೂಕ ಒಂದು ಟನ್ನಿಗಿಂತ ತುಸು ಕಡಿಮೆ. ಕೊಂಡದ್ದೇ ಘಾಟಿ ರಸ್ತೆಗಳಿಗಾಗಿ. ಆದರೆ ನೋಡಲು ಬಂದ ಗೆಳೆಯರದೆಲ್ಲ ಒಂದೇ ರಾಗ: "115 ಅಶ್ವಶಕ್ತಿ ಇಟ್ಟುಕೊಂಡು ಬೆಟ್ಟ ಹತ್ತುತ್ತೀಯಾ? ಲಾರಿಗಳ ಹಿಂದೆ ಹೊಗೆ ಕುಡಿಯುತ್ತೀಯ, ಅಷ್ಟೆ."

ಎರಡನೆಯ ಅನುಮಾನ ನನ್ನದೇ. ಬೆಟ್ಟದ ದಾರಿಗೆ ಜನ ಹೋಗುವುದು ನೋಟಕ್ಕಾಗಿ. ಓಡಿಸುವವನ ಕಣ್ಣು ಮಾತ್ರ ರಸ್ತೆಯ ಮೇಲೆಯೇ ಇರಬೇಕು. ಈ ಕಾರಿನ ಸೀಟಾದರೋ ನೆಲಕ್ಕೆ ಒಂದು ಗೇಣು ಮೇಲಿದೆ. ಕುಳಿತರೆ ತಡೆಗೋಡೆಯ ಕಲ್ಲು ಕಾಣುತ್ತದೆ, ಕಣಿವೆ ಕಾಣುವುದಿಲ್ಲ. ಹಾಗಾದರೆ ಇಂಥ ಕಾರಿನಲ್ಲಿ ಅಂಥ ರಸ್ತೆಗೆ ಹೋಗುವವನು ಸವಿಯುವುದಾದರೂ ಏನನ್ನು? ಅನುಭವವಿದ್ದವರು ಹೇಳಬೇಕು.

ಹಗುರ ಕಾಲು:

ಮೊದಲು ನಿಮ್ಮ ಗೆಳೆಯರ ಬಾಯಿ ಮುಚ್ಚಿಸೋಣ. ಒಂದು ಹೇರ್‌ಪಿನ್ ತಿರುವಿನ ತ್ರಿಜ್ಯ 10 ಮೀಟರ್ ಎಂದುಕೊಳ್ಳಿ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಟೈರುಗಳು ಎಷ್ಟು ಬಲವಾಗಿ ನೆಲವನ್ನು ಹಿಡಿದಿರಬೇಕು ಎಂಬುದು ಸಿಗುತ್ತದೆ. ಒಳ್ಳೆಯ ಸ್ಪೋರ್ಟ್ಸ್ ಕಾರಿನ ಟೈರು ಒಣ ರಸ್ತೆಯಲ್ಲಿ ಸುಮಾರು 1 ಜಿ, ಅಂದರೆ ಗುರುತ್ವಾಕರ್ಷಣೆಯಷ್ಟು, ತಡೆದುಕೊಳ್ಳುತ್ತದೆ. ಅಂದರೆ ಆ ತಿರುವಿನಲ್ಲಿ ಗರಿಷ್ಠ ವೇಗ ಗಂಟೆಗೆ ಸುಮಾರು 36 ಕಿ.ಮೀ. ಮನೆಬಳಕೆಯ ಕಾರೊಂದು 0.8 ಜಿ ತಡೆದರೆ ಅದರ ಮಿತಿ 32 ಕಿ.ಮೀ. ನೂರಾರು ಅಶ್ವಶಕ್ತಿಗೆ, ದುಬಾರಿ ಟೈರಿಗೆ ಹಣ ಸುರಿದವನು ತಿರುವಿನಲ್ಲಿ ಗಳಿಸುವುದು ಗಂಟೆಗೆ ನಾಲ್ಕು ಕಿಲೋಮೀಟರ್.

ಇನ್ನು ತಿರುವಿನಿಂದ ತಿರುವಿಗೆ ನಡುವೆ ಸಿಗುವ ಇನ್ನೂರು ಮೀಟರ್. ಇಂದಿನ ಬಲಿಷ್ಠ ಕಾರುಗಳು ಎರಡನೇ ಗೇರಿನಲ್ಲೇ 100 ಕಿ.ಮೀ. ದಾಟುತ್ತವೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಮೂರು ಎಣಿಸುವಷ್ಟರಲ್ಲಿ ಬ್ರೇಕ್ ಒತ್ತಬೇಕು. ನಿಮ್ಮ ಕಾರಿನಲ್ಲಿ ಹಾಗಲ್ಲ. ಏರುದಾರಿಯಲ್ಲಿ ಪೆಡಲನ್ನು ನೆಲದವರೆಗೆ ಒತ್ತಿ ಹಿಡಿಯಬಹುದು, ಎಂಜಿನ್ ಮೇಲಕ್ಕೆ ಏರುವುದನ್ನು ಕಿವಿತುಂಬ ಕೇಳಬಹುದು, ಗೇರ್ ಬದಲಿಸುವ ಕೆಲಸವೂ ಸಿಗುತ್ತದೆ. ಇರುವುದೆಲ್ಲವನ್ನೂ ಬಳಸುವ ಸುಖ ಅದು. ಕಾನೂನಿನ ವೇಗದ ಮಿತಿಯೊಳಗೆ ಆ ಸುಖ ಕೊಡುವ ಕಾರುಗಳು ಕಡಿಮೆ.

ಇದು ಬಡವನ ಸಮಾಧಾನವಲ್ಲ. 1971 ಮತ್ತು 1973ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದ ಆಲ್ಪೈನ್ ಎ110 ಫೈಬರ್‌ಗ್ಲಾಸ್ ಮೈಯ ಪುಟ್ಟ ಕಾರು. ಬೆಟ್ಟದ ರಸ್ತೆಗಳಲ್ಲಿ ಅದರ ಬಂಡವಾಳವೇ ತೂಕವಿಲ್ಲದಿರುವುದು. 1996ರಲ್ಲಿ ಬಂದ ಲೋಟಸ್ ಎಲಿಸ್ ಸುಮಾರು 725 ಕೆ.ಜಿ. ಇತ್ತು; ಶಕ್ತಿ ನಿಮ್ಮ ಕಾರಿಗಿಂತ ಹೆಚ್ಚೇನೂ ಅಲ್ಲ.

ಎಂಟು ಸಿಲಿಂಡರ್:

ಹಗುರ ಕಾಲು ಅವರ ಲೆಕ್ಕ ಸರಿ, ಆದರೆ ಅರ್ಧ ಲೆಕ್ಕ. ಅವರು ಎತ್ತರವನ್ನು ಬಿಟ್ಟರು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಹತ್ತಿರ ಹತ್ತಿರ ಶೇ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಇಟಲಿಯ ಸ್ಟೆಲ್ವಿಯೊ ಘಾಟಿಯ ನೆತ್ತಿ 2,757 ಮೀಟರ್ ಎತ್ತರದಲ್ಲಿದೆ. ಅಲ್ಲಿ ಇವರ 115 ಕುದುರೆಗಳಲ್ಲಿ 85ರ ಆಸುಪಾಸು ಉಳಿದಿರುತ್ತವೆ. ನಿಮ್ಮ ಮುಂದೆ ದೊಡ್ಡ ಕ್ಯಾಂಪರ್ ವ್ಯಾನು (ಒಳಗೇ ಮಲಗುವ ವ್ಯವಸ್ಥೆಯಿರುವ ಪ್ರವಾಸಿ ವ್ಯಾನು) ತೆವಳುತ್ತಿದ್ದರೆ, ಮುಂದೆ ಸಿಗುವ ನೇರ ದಾರಿ ನೂರೈವತ್ತು ಮೀಟರ್ ಆಗಿದ್ದರೆ, ಆಗ ಶಕ್ತಿ ಇರುವವನು ಬೇಗ ದಾಟಿ ಬೇಗ ತನ್ನ ಪಥಕ್ಕೆ ಮರಳುತ್ತಾನೆ. ಎದುರು ಪಥದಲ್ಲಿ ಇರುವ ಹೊತ್ತು ಕಡಿಮೆಯಾದಷ್ಟೂ ಸುರಕ್ಷಿತ. ಶಕ್ತಿ ಎಂದರೆ ಬರಿಯ ಜಂಬ ಎನ್ನಬೇಡಿ.

ಜೊತೆಗೆ ಸದ್ದು. ಎಂಟು ಸಿಲಿಂಡರಿನ ಎಂಜಿನ್ ಬಂಡೆಗೋಡೆಗೆ ಬಡಿದು ಮರುದನಿಸುವುದನ್ನು ಕೇಳದವರು ಅದರ ಬಗ್ಗೆ ತೀರ್ಪು ಕೊಡಬಾರದು.

ಹಗುರ ಕಾಲು:

ನೂರೈವತ್ತು ಮೀಟರ್ ಸಿಕ್ಕಿದರೆ ದಾಟುವುದೇ ಬೇಡ ಎಂಬುದು ನನ್ನ ಮತ. ಅಲ್ಲೊಂದು ವಿಶ್ರಾಂತಿ ಜಾಗ ನೋಡಿ ಐದು ನಿಮಿಷ ನಿಂತರೆ ಆ ವ್ಯಾನು ಮೂರು ತಿರುವು ಮೇಲೆ ಹೋಗಿರುತ್ತದೆ, ನಿಮಗೆ ಖಾಲಿ ರಸ್ತೆ.

ಅಗಲದ ಮಾತನ್ನೂ ಆಡಿ. ಮೊದಲ ತಲೆಮಾರಿನ ಪೋರ್ಷೆ 911 ಅಗಲ 1,610 ಮಿ.ಮೀ. ಇತ್ತು. ಈಗಿನದು 1,852. ರಸ್ತೆ ಮಾತ್ರ ಅಷ್ಟೇ ಇದೆ. ನನ್ನ ಪಥದೊಳಗೆ ಎಡಕ್ಕೆ ಬಲಕ್ಕೆ ಆಡಲು ಒಂದು ಮೀಟರ್ ಸಿಕ್ಕರೆ ನಿಮಗೆ ಮುಕ್ಕಾಲು ಮೀಟರ್. ತಿರುವಿನೊಳಗೆ ಕಾರು ಸಾಗುವ ರೇಖೆ ಆರಿಸಿಕೊಳ್ಳುವ ಸಂತೋಷ ಅಷ್ಟರಮಟ್ಟಿಗೆ ಕಡಿಮೆ.

ಎಂಟು ಸಿಲಿಂಡರ್:

ಅಗಲದ ವಿಷಯದಲ್ಲಿ ನನಗೆ ಉತ್ತರವಿಲ್ಲ. ಎದುರಿಗೆ ಬಸ್ಸು ಬಂದಾಗಲೆಲ್ಲ ಕನ್ನಡಿ ಮಡಚುವವನು ನಾನೇ.

ಗ್ಯಾರೇಜಿನವ:

ಏರುವ ಮಾತು ಎಲ್ಲರೂ ಆಡುತ್ತಿದ್ದೀರಿ. ನನ್ನ ಬಳಿ ಬರುವ ಕಾರುಗಳು ಕೆಟ್ಟಿರುವುದೆಲ್ಲ ಇಳಿಯುವಾಗ.

ಇದನ್ನೂ ಲೆಕ್ಕದಲ್ಲೇ ಹೇಳುತ್ತೇನೆ. ಇಬ್ಬರು ಕುಳಿತ, ಸಾಮಾನು ತುಂಬಿದ 1,400 ಕೆ.ಜಿ.ಯ ಕಾರು ಸಾವಿರ ಮೀಟರ್ ಎತ್ತರದಿಂದ ಇಳಿದರೆ ಬಿಟ್ಟುಕೊಡುವ ಶಕ್ತಿ ಸುಮಾರು 13.7 ಮೆಗಾಜೂಲ್. ಅದೇ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಲು ಬ್ರೇಕು ನುಂಗಬೇಕಾದದ್ದು ಅರ್ಧ ಮೆಗಾಜೂಲಿಗಿಂತ ಸ್ವಲ್ಪ ಹೆಚ್ಚು. ಅಂದರೆ ಒಂದು ಘಟ್ಟ ಇಳಿಯುವುದೂ ನೂರರ ವೇಗದಿಂದ ಇಪ್ಪತ್ತೈದು ಸಲ ಬ್ರೇಕ್ ಹಾಕಿ ನಿಲ್ಲುವುದೂ ಒಂದೇ. ಗಾಳಿಯ ತಡೆ, ಎಂಜಿನ್ನಿನ ತಡೆ ಅದರಲ್ಲಿ ಪಾಲು ತೆಗೆದುಕೊಳ್ಳದಿದ್ದರೆ ಅಷ್ಟೂ ಶಾಖವಾಗಿ ಬ್ರೇಕಿನ ಡಿಸ್ಕಿಗೆ ಹೋಗುತ್ತದೆ. ಸ್ಪೋರ್ಟ್ಸ್ ಕಾರಿನವರು ಪ್ರತಿ ನೇರದಾರಿಯಲ್ಲೂ ವೇಗ ಹೆಚ್ಚಿಸಿ, ಪ್ರತಿ ತಿರುವಿಗೂ ಬ್ರೇಕ್ ಒತ್ತಿ, ಈ ಮೊತ್ತದ ಮೇಲೆ ಇನ್ನಷ್ಟು ಸೇರಿಸುತ್ತಾರೆ.

ಬ್ರೇಕ್ ಸೋಲುವುದು ಎರಡು ಬಗೆಯಲ್ಲಿ. ಕಾಲಿಗೆ ಅವು ಬೇರೆ ಬೇರೆಯಾಗಿ ತಿಳಿಯುತ್ತವೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲಲು ಒಪ್ಪದಿದ್ದರೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಕಾದು ಘರ್ಷಣೆ ಕಳೆದುಕೊಂಡಿದೆ. ಸುಟ್ಟ ವಾಸನೆ ಮೊದಲೇ ಬಂದಿರುತ್ತದೆ. ಪೆಡಲ್ ಮೆತ್ತಗಾಗಿ ಒಳಕ್ಕೆ ಇಳಿದರೆ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದಿದೆ. ಎರಡನೆಯದೇ ಹೆಚ್ಚು ಭಯಂಕರ, ಏಕೆಂದರೆ ಅದು ಮುನ್ಸೂಚನೆ ಕೊಡುವುದು ಕಡಿಮೆ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಸೇರಿದ ಮೇಲೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಡಾಟ್ 5.1ರಲ್ಲಿ ಇವು 260 ಮತ್ತು 180. ನಿಮ್ಮದು ಸೆಕೆಂಡ್ ಹ್ಯಾಂಡ್ ಕಾರು. ಹಿಂದಿನವರು ಆಯಿಲ್ ಯಾವಾಗ ಬದಲಿಸಿದರು ಎಂಬುದಕ್ಕೆ ಚೀಟಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಹೊಸ ಅಲಾಯ್ ಚಕ್ರದ ಆಸೆ ಆಮೇಲೆ.

ಇಳಿಯುವಾಗ ಕೆಳಗಿನ ಗೇರಿನಲ್ಲಿರಿ. ಬ್ರೇಕಿನ ಮೇಲೆ ಕಾಲನ್ನು ಸವರಿಕೊಂಡೇ ಬರಬೇಡಿ. ಒತ್ತುವಾಗ ಸರಿಯಾಗಿ ಒತ್ತಿ, ಬಿಡುವಾಗ ಪೂರ್ತಿ ಬಿಡಿ. ಡಿಸ್ಕಿಗೆ ಗಾಳಿ ಕುಡಿಯಲು ಅವಕಾಶ ಬೇಕು. ಕಾದ ಬ್ರೇಕಿನೊಂದಿಗೆ ನೇರವಾಗಿ ವೀಕ್ಷಣಾ ಸ್ಥಳದಲ್ಲಿ ನಿಂತು ಪೆಡಲನ್ನು ಒತ್ತಿಹಿಡಿದರೆ ಪ್ಯಾಡ್ ಇರುವ ಜಾಗದಲ್ಲಿ ಶಾಖ ಅಲ್ಲೇ ಉಳಿಯುತ್ತದೆ. ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬಂದು, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ.

ಪಕ್ಕದ ಸೀಟು:

ಇಲ್ಲಿ ಎಲ್ಲರೂ ಸ್ಟೀರಿಂಗ್ ಹಿಡಿದವರೇ ಮಾತಾಡುತ್ತಿದ್ದೀರಿ. ಎರಡು ಸೀಟಿನ ಕಾರಿನಲ್ಲಿ ಇನ್ನೊಂದು ಸೀಟಿದೆ, ಅದರಲ್ಲಿ ನಾನಿದ್ದೇನೆ. ನನ್ನ ಯಜಮಾನರು "ಇವತ್ತು ನೋಟ ಎಷ್ಟು ಚೆನ್ನಾಗಿತ್ತು" ಎಂದು ಪ್ರತಿ ಸಲ ಹೇಳುತ್ತಾರೆ. ಅವರು ನೋಡಿದ್ದು ಡಾಂಬರು. ನೋಟ ನೋಡಿದವಳು ನಾನು, ಅದೂ ಹೊಟ್ಟೆ ತೊಳೆಸದಿದ್ದ ಹೊತ್ತಿನಲ್ಲಿ.

ಓಡಿಸುವವರಿಗೆ ತಲೆ ಸುತ್ತುವುದಿಲ್ಲ, ಏಕೆಂದರೆ ಮುಂದೇನಾಗುತ್ತದೆ ಎಂದು ಅವರ ದೇಹಕ್ಕೆ ಮೊದಲೇ ಗೊತ್ತು. ನಮಗೆ ಗೊತ್ತಿಲ್ಲ. ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳುತ್ತದೆ. ಮೊಬೈಲ್ ನೋಡಿದರೆ ಮುಗಿಯಿತು. ನನಗೆ ಕಷ್ಟ ಕೊಡುವುದು ವೇಗವಲ್ಲ, ಜರ್ಕು. ಬ್ರೇಕನ್ನು ಮೆಲ್ಲಗೆ ಆರಂಭಿಸಿ ಮೆಲ್ಲಗೆ ಬಿಟ್ಟರೆ, ಗೇರ್ ಇಳಿಸುವಾಗ ಎಂಜಿನ್ನಿನ ಆರ್‌ಪಿಎಂ ಹೊಂದಿಸಿ ಕ್ಲಚ್ ಬಿಟ್ಟರೆ, ಎಷ್ಟು ತಿರುವಾದರೂ ಕುಳಿತಿರಬಲ್ಲೆ. ನೀವು ಚೆನ್ನಾಗಿ ಓಡಿಸುತ್ತೀರೋ ಇಲ್ಲವೋ ಎಂದು ಗಡಿಯಾರವನ್ನು ಕೇಳಬೇಡಿ, ಪಕ್ಕದಲ್ಲಿ ಕುಳಿತವರನ್ನು ಕೇಳಿ.

ಮೂರನೇ ಗೇರ್:

ಗ್ಯಾರೇಜಿನವರಿಗೆ ನಮಸ್ಕಾರ. ಚೀಟಿ ಇಲ್ಲ. ಆಯಿಲ್ ಬದಲಿಸಲು ಕೊಡುತ್ತಿದ್ದೇನೆ.

ಪಕ್ಕದ ಸೀಟು ಅವರ ಮಾತಿನಿಂದ ನನ್ನ ಎರಡನೇ ಪ್ರಶ್ನೆ ಇನ್ನಷ್ಟು ಗಟ್ಟಿಯಾಯಿತು. ಓಡಿಸುವವನು ಡಾಂಬರನ್ನೇ ನೋಡುವುದಾದರೆ ಬೆಟ್ಟ ಯಾಕೆ ಬೇಕು? ರೇಸ್ ಟ್ರ್ಯಾಕ್ ಸಾಲದೇ?

ನಿಧಾನಿ:

ಈ ಪ್ರಶ್ನೆಗಾಗಿಯೇ ಕಾದಿದ್ದೆ. ಟ್ರ್ಯಾಕಿನಲ್ಲಿ ಮುಂದಿನ ಸುತ್ತಿನಲ್ಲಿ ಅದೇ ತಿರುವು ಬರುತ್ತದೆ. ಬೆಟ್ಟದಲ್ಲಿ ಪ್ರತಿ ತಿರುವನ್ನೂ ಓದಬೇಕು, ಓದುವುದು ಬೆಟ್ಟವನ್ನು ನೋಡಿಯೇ.

ದೂರದಲ್ಲಿ ರಸ್ತೆಯ ಎರಡು ಅಂಚುಗಳು ಒಂದಕ್ಕೊಂದು ಸೇರುವಂತೆ ಕಾಣುವ ಬಿಂದು ಒಂದಿರುತ್ತದೆ. ಅದರಾಚೆಯ ರಸ್ತೆ ಕಾಣುವುದಿಲ್ಲ. ನೀವು ತಿರುವಿಗೆ ಹತ್ತಿರವಾಗುವಾಗ ಆ ಬಿಂದು ನಿಮ್ಮತ್ತ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ವೇಗ ಇಳಿಸಿ. ನಿಮ್ಮೊಂದಿಗೆ ಅಷ್ಟೇ ದೂರ ಕಾಯ್ದುಕೊಂಡು ಸರಿಯುತ್ತಿದ್ದರೆ ವೇಗ ಸರಿಯಿದೆ. ದೂರ ಓಡತೊಡಗಿದರೆ ತಿರುವು ಬಿಚ್ಚಿಕೊಳ್ಳುತ್ತಿದೆ, ಆಗ ಆಕ್ಸಿಲರೇಟರ್. ನಿಲ್ಲಲು ಬೇಕಾದ ದೂರ ಯಾವಾಗಲೂ ಕಾಣುವ ದೂರದೊಳಗಿರಬೇಕು. ಒಂದೇ ವಾಹನ ಹಿಡಿಸುವ ಕಿರಿದಾದ ರಸ್ತೆಯಲ್ಲಿ ಕಾಣುವ ದೂರದ ಅರ್ಧದೊಳಗೆ, ಏಕೆಂದರೆ ಎದುರಿನವನಿಗೂ ಅಷ್ಟೇ ಬೇಕು. ತಿರುವಿನ ಒಳ ಅಂಚನ್ನು ಬೇಗ ಮುಟ್ಟುವ ರೇಖೆ ಟ್ರ್ಯಾಕಿನವರಿಗೂ ಒಳ್ಳೆಯದಲ್ಲ, ಇಲ್ಲಂತೂ ಅಪಾಯ. ತಡವಾಗಿ ತಿರುಗಿ. ಅಷ್ಟರಲ್ಲಿ ಆಚೆಯದು ಕಾಣಿಸಿರುತ್ತದೆ.

ಹೇರ್‌ಪಿನ್ ಬಂದಾಗ ಇನ್ನೊಂದು ಕೆಲಸ: ತಿರುವಿಗೆ ಮೊದಲೇ ತಲೆಯೆತ್ತಿ ಮೇಲಿನ ಮಡಿಕೆಗಳನ್ನು ನೋಡಬೇಕು. ಬಸ್ಸು ಇಳಿದು ಬರುತ್ತಿದೆಯೇ, ಸೈಕಲ್ಲಿನವರ ಗುಂಪಿದೆಯೇ, ಬಂಡೆಯಿಂದ ನೀರು ಹರಿದು ರಸ್ತೆ ಒದ್ದೆಯಾಗಿದೆಯೇ. ಮುಚ್ಚಿದ ಕಾರಿನಲ್ಲಿ ಚಾವಣಿ ಅಡ್ಡ ಬರುತ್ತದೆ. ನಿಮ್ಮ ಚಾವಣಿ ಮಡಚಿದರೆ ಇಡೀ ಬೆಟ್ಟದ ಮೈ ತೆರೆದಿರುತ್ತದೆ. ನೀವು ಕಣಿವೆಯನ್ನು ಕಳೆದುಕೊಳ್ಳುತ್ತೀರಿ, ನಿಜ. ಆದರೆ ಏರುಮುಖದ ಬೆಟ್ಟವನ್ನು ಪಕ್ಕದ ಸೀಟಿನವರಿಗಿಂತ ಚೆನ್ನಾಗಿ ಬಲ್ಲಿರಿ: ಎಲ್ಲಿ ನೆರಳಿದೆ, ಎಲ್ಲಿ ಮಣ್ಣು ಸಡಿಲ, ದಾರಿ ಯಾವ ಬಂಡೆಯನ್ನು ಬಳಸಿಕೊಂಡು ಹೋಗಿದೆ. ಅದೂ ನೋಟವೇ. ನನಗೆ ಬೆಟ್ಟದ ರಸ್ತೆ ಇಷ್ಟವಾಗುವುದು ಇಲ್ಲಿ ನೋಡುವುದೂ ಓಡಿಸುವುದೂ ಒಂದೇ ಕೆಲಸವಾಗುವುದರಿಂದ.

ಪಕ್ಕದ ಸೀಟು:

ಇದನ್ನು ಯಜಮಾನರಿಗೆ ಓದಿ ಹೇಳಿದೆ. "ನಾನೂ ಅದನ್ನೇ ಹೇಳುತ್ತಿದ್ದದ್ದು" ಎಂದರು. ಒಂದು ಸಲವೂ ಹೇಳಿಲ್ಲ.

ಎಂಟು ಸಿಲಿಂಡರ್:

ನಿಧಾನಿಯವರ ಮಾತು ಹಿಡಿಸಿತು. ಅದಕ್ಕೇ ರಸ್ತೆಯ ಆಯ್ಕೆ ಮುಖ್ಯ. ಹೆಸರು ಕೇಳಿ ಎಲ್ಲರೂ ಸ್ಟೆಲ್ವಿಯೊಗೆ ಓಡುತ್ತಾರೆ. ಉತ್ತರದ ಬದಿಯಲ್ಲೇ 48 ಹೇರ್‌ಪಿನ್, ಪ್ರತಿಯೊಂದಕ್ಕೂ ಸಂಖ್ಯೆಯ ಕಲ್ಲು. ಚಿತ್ರದಲ್ಲಿ ಬಹಳ ಚೆಂದ. ಆದರೆ ಓಡಿಸಲು ಅದು ನಿಂತು ತಿರುಗಿ ಮತ್ತೆ ಹೊರಡುವ ಕೆಲಸ, ಲಯವೇ ಸಿಗುವುದಿಲ್ಲ. ಆ ರಸ್ತೆಯನ್ನು 1820ರಿಂದ 1825ರ ನಡುವೆ ಕಾರ್ಲೊ ಡೊನೆಗಾನಿ ಎಂಬ ಎಂಜಿನಿಯರ್ ಕಟ್ಟಿದ್ದು, ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಲೊಂಬಾರ್ಡಿಯೊಂದಿಗೆ ಸಂಪರ್ಕ ಬೇಕಾಗಿತ್ತು ಎಂಬ ಕಾರಣಕ್ಕೆ. ಕುದುರೆಗಾಡಿ ಏರಬೇಕಿತ್ತು. ಹಾಗಾಗಿ ಇಳಿಜಾರು ಹಿತವಾಗಿರಲು ತಿರುವಿನ ಮೇಲೆ ತಿರುವು.

ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ರಸ್ತೆ ಬೇರೆಯೇ ಸಂತಾನ. ಫ್ರಾಂಝ್ ವಾಲಾಕ್ ರೂಪಿಸಿದ ಅದು 1935ರ ಆಗಸ್ಟಿನಲ್ಲಿ ತೆರೆದುಕೊಂಡಿತು. ಮೋಟಾರು ಪ್ರವಾಸಿಗರನ್ನು ಕಣ್ಣಮುಂದಿಟ್ಟುಕೊಂಡು ಕಟ್ಟಿದ ಸುಂಕದ ರಸ್ತೆ. ಸುಮಾರು 48 ಕಿ.ಮೀ. ಉದ್ದಕ್ಕೆ 36 ದೊಡ್ಡ ತಿರುವುಗಳು. ತಿರುವಿನಿಂದ ತಿರುವಿಗೆ ಕಾರು ಹರಿಯುತ್ತದೆ, ನಿಲ್ಲಲು ಜಾಗಗಳಿವೆ. ರೊಮೇನಿಯಾದ ಟ್ರಾನ್ಸ್‌ಫಗರಾಶಾನ್ 1970ರ ದಶಕದ ಆರಂಭದಲ್ಲಿ ಸೇನೆಗೆಂದು ಕಟ್ಟಿದ್ದಾದರೂ ಅದಕ್ಕೂ ಈ ಹರಿವಿದೆ, ರಸ್ತೆ 2,042 ಮೀಟರಿನವರೆಗೆ ಏರುತ್ತದೆ, ಅಲ್ಲೇ ಹತ್ತಿರ ಸರೋವರವಿದೆ. ಡಾಂಬರಿನ ಗುಣ ಮಾತ್ರ ಎಲ್ಲೆಡೆ ಒಂದೇ ಅಲ್ಲ. ಇವೆಲ್ಲವೂ ಚಳಿಗಾಲದಲ್ಲಿ ಹಿಮಕ್ಕೆ ಮುಚ್ಚುತ್ತವೆ, ತೆರೆಯುವ ದಿನ ವರ್ಷವರ್ಷಕ್ಕೆ ಬದಲಾಗುತ್ತದೆ.

ತುಳಿಯುವವನು:

ನಾನು ಇದೇ ರಸ್ತೆಗಳನ್ನು ಸೈಕಲ್ಲಿನಲ್ಲಿ ಏರುವವನು. ನಿಮ್ಮ ಮರುದನಿಯ ಸುಖವನ್ನು ಕಣಿವೆಯ ಹಳ್ಳಿಯವರು ಬೇಸಿಗೆಯುದ್ದಕ್ಕೂ ಕೇಳುತ್ತಾರೆ, ಎಂಟು ಸಿಲಿಂಡರ್ ಅವರೇ. ಆಸ್ಟ್ರಿಯಾದ ಟಿರೋಲ್ ಪ್ರಾಂತ ತಡೆಯಲಾಗದೆ 2020ರಲ್ಲಿ, ನಿಂತಲ್ಲಿ 95 ಡೆಸಿಬೆಲ್ ಮೀರಿ ಸದ್ದು ಮಾಡುವ ಬೈಕುಗಳನ್ನು ಕೆಲವು ರಸ್ತೆಗಳಿಂದ ಹೊರಗಿಟ್ಟಿತು. ಇಂದು ಬೈಕು, ನಾಳೆ ಕಾರು. ರಸ್ತೆಗಳನ್ನು ಕಳೆದುಕೊಳ್ಳುವುದು ಹೀಗೆ.

ನನಗೆ ಬೇಕಾದದ್ದು ಎರಡೇ. ದಾಟುವಾಗ ಒಂದೂವರೆ ಮೀಟರ್ ಅಂತರ. ಕುರುಡು ತಿರುವಿನಲ್ಲಿ ದಾಟದಿರುವುದು. ಏರುವ ಸೈಕಲ್ ಗಂಟೆಗೆ ಹತ್ತು ಕಿ.ಮೀ. ಹೋಗುತ್ತಿರುತ್ತದೆ, ನೀವು ತಿರುವು ದಾಟಿದ ಕೂಡಲೇ ನಾವು ಗೋಡೆಯಂತೆ ಎದುರಾಗುತ್ತೇವೆ. ಇಳಿಯುವಾಗ ಕಥೆ ತಿರುಗುಮುರುಗು: ಬಿಗಿ ತಿರುವುಗಳಲ್ಲಿ ನಾವೇ ನಿಮಗಿಂತ ವೇಗ. ಆಗ ಕನ್ನಡಿ ನೋಡಿ ದಾರಿ ಬಿಟ್ಟರೆ ಉಪಕಾರ.

ಎಂಟು ಸಿಲಿಂಡರ್:

ಊರು ಬಂದಾಗ ಸೈಲೆನ್ಸರಿನ ಕವಾಟ ಮುಚ್ಚುವ ಬಟನ್ ಇದೆ, ಒತ್ತುತ್ತೇನೆ. ಊರಿಲ್ಲದ ಕಡೆ ನನ್ನನ್ನು ಬಿಟ್ಟುಬಿಡಿ.

ತುಳಿಯುವವನು:

ಕಣಿವೆಯಲ್ಲಿ ಊರಿಲ್ಲದ ಕಡೆ ಎಂಬುದು ಇರುವುದಿಲ್ಲ. ಸದ್ದು ಕೆಳಗಿಳಿಯುತ್ತದೆ.

ಚಾರ್ಜರ್:

ವಿದ್ಯುತ್ ಸ್ಪೋರ್ಟ್ಸ್ ಕಾರು ಓಡಿಸುವವನಾಗಿ ಎರಡು ಮಾತು. ಸದ್ದಿನ ಜಗಳ ನಮಗಿಲ್ಲ. ಗಾಳಿ ತೆಳುವಾದರೂ ಮೋಟರಿಗೆ ಚಿಂತೆಯಿಲ್ಲ. ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದಲ್ಲಿ 156 ತಿರುವು ಏರಿ 4,302 ಮೀಟರ್ ಎತ್ತರದ ತುದಿ ಮುಟ್ಟುವ ಸ್ಪರ್ಧೆಯಲ್ಲಿ 8 ನಿಮಿಷದೊಳಗೆ ಮೊದಲು ತಲುಪಿದ್ದು 2018ರಲ್ಲಿ, ಫೋಕ್ಸ್‌ವ್ಯಾಗನ್‌ನ ವಿದ್ಯುತ್ ಕಾರು. ಇಳಿಯುವಾಗ ಮೋಟರ್ ತಾನೇ ಬ್ರೇಕಾಗಿ ಬ್ಯಾಟರಿ ತುಂಬುತ್ತದೆ, ಗ್ಯಾರೇಜಿನವರು ಹೇಳಿದ ಮೆಗಾಜೂಲುಗಳಲ್ಲಿ ಒಳ್ಳೆಯ ಪಾಲು ಮರಳಿ ಸಿಗುತ್ತದೆ. ಒಂದೇ ಎಚ್ಚರ: ಬೆಟ್ಟದ ತುದಿಯಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿ ಇಳಿಯಬೇಡಿ. ಮರಳುವ ವಿದ್ಯುತ್ತಿಗೆ ಜಾಗವಿಲ್ಲದೆ ಎಲ್ಲ ಭಾರ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ.

ಹಗುರ ಕಾಲು:

ತೂಕ?

ಚಾರ್ಜರ್:

ಎರಡು ಟನ್ನಿಗಿಂತ ಜಾಸ್ತಿ. ಕೇಳುತ್ತೀರೆಂದು ಗೊತ್ತಿತ್ತು.

ನಿಧಾನಿ:

ಟೈರಿನ ಮಾತು ಯಾರೂ ಎತ್ತಲಿಲ್ಲ. ಬೇಸಿಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಬುಡದಲ್ಲಿ 25 ಡಿಗ್ರಿ ಇದ್ದರೂ ಎರಡು ಸಾವಿರ ಮೀಟರ್ ಮೇಲೆ ಹನ್ನೆರಡು ಇರಬಹುದು, ಬೆಳಗಿನ ಜಾವವಾದರೆ ಇನ್ನೂ ಕಡಿಮೆ. ಬಿಸಿಲು ಬೀಳದ ಉತ್ತರದ ಬದಿಯಲ್ಲಿ ಹಿಂದಿನ ರಾತ್ರಿಯ ನೀರು ಗಾಜಿನಂತೆ ಗಟ್ಟಿಯಾಗಿರುವುದು ಬೇಸಿಗೆಯ ಆರಂಭದಲ್ಲೂ ಉಂಟು. ರಸ್ತೆ ಖಾಲಿಯಿರುವುದೂ ಬೆಳಗಿನ ಜಾವವೇ, ಅದೇ ಸಂಕಟ. ಮೊದಲ ಏರು ಟೈರಿಗೆ, ಎಂಜಿನ್ ಆಯಿಲಿಗೆ ಬಿಸಿಯಾಗಲು ಬಿಡಿ.

ಮಳೆಯ ಮರುದಿನ ತಿರುವಿನ ಒಳಬದಿಯಲ್ಲಿ ಜಲ್ಲಿ ಇರುತ್ತದೆ, ನೀರು ಕೊಚ್ಚಿ ತಂದದ್ದು ಸ್ವಲ್ಪ, ಲಾರಿಯ ಹಿಂಚಕ್ರ ಎಳೆದು ತಂದದ್ದು ಸ್ವಲ್ಪ. ಹಿಂಚಕ್ರದಿಂದ ಓಡುವ ಹಗುರ ಕಾರಿಗೆ ಅದು ಸಾಕು. ಕಾರು ಜಾರಿದಾಗ ರಸ್ತೆಯನ್ನು ಬೈಯುವವರನ್ನು ಕಂಡಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಸ್ವಿಟ್ಜರ್‌ಲೆಂಡಿನ ಘಾಟಿಗಳಿಗೆ ಹೋದರೆ ಒಂದು ರಾಗ ಕಿವಿಯಲ್ಲಿಟ್ಟುಕೊಳ್ಳಿ. ಅಲ್ಲಿನ ಹಳದಿ ಅಂಚೆ ಬಸ್ಸುಗಳು ಕುರುಡು ತಿರುವಿಗೆ ಮೊದಲು ಮೂರು ಸ್ವರದ ಹಾರ್ನ್ ಊದುತ್ತವೆ. ರೊಸ್ಸಿನಿ ಎಂಬ ಸಂಗೀತಕಾರನ ವಿಲಿಯಂ ಟೆಲ್ ಗೀತನಾಟಕದ ಸಂಗೀತದಿಂದ ತೆಗೆದುಕೊಂಡದ್ದು. ಅಂಚೆ ರಸ್ತೆಯೆಂದು ಫಲಕವಿರುವಲ್ಲಿ ಬಸ್ಸಿನ ಚಾಲಕ ಹೇಳಿದಂತೆ ನೀವು ನಿಲ್ಲಬೇಕು, ಹಿಂದೆ ಸರಿಯೆಂದರೆ ಸರಿಯಬೇಕು. ಚಾವಣಿ ಮಡಚಿದ್ದರೆ ಹಾರ್ನು ಎರಡು ತಿರುವು ಮೊದಲೇ ಕೇಳಿಸುತ್ತದೆ. ಸ್ಟೀರಿಯೊ ಜೋರಾಗಿದ್ದರೆ ಆ ಲಾಭ ಇಲ್ಲ.

ಮೂರನೇ ಗೇರ್:

ಎಲ್ಲರಿಗೂ ಧನ್ಯವಾದ. ಬ್ರೇಕ್ ಆಯಿಲ್ ಬದಲಾಯಿತು. ಹಳೆಯದು ಕಷಾಯದ ಬಣ್ಣಕ್ಕೆ ತಿರುಗಿತ್ತು. ಗೆಳೆಯರಿಗೆ 36 ಮತ್ತು 32ರ ಲೆಕ್ಕ ತೋರಿಸಿದೆ, ಒಬ್ಬ ಇನ್ನೂ ಒಪ್ಪಿಲ್ಲ. ಉಳಿದಿರುವುದು ಒಂದೇ ಪ್ರಶ್ನೆ. ಇಬ್ಬರು, ವಾರದ ಪ್ರವಾಸ. ಡಿಕ್ಕಿಯಲ್ಲಿ ಮಡಚಿದ ಚಾವಣಿಯ ಜಾಗ, ಸ್ಟೆಪ್ನಿ ಎಲ್ಲ ಕಳೆದು ಮಿಕ್ಕ ಜಾಗ ನೋಡಿದರೆ ಅಳು ಬರುತ್ತದೆ. ಸೂಟ್‌ಕೇಸ್ ಇಳಿಯುವುದಿಲ್ಲ.

ಹಗುರ ಕಾಲು:

ಸೂಟ್‌ಕೇಸ್ ಮರೆಯಿರಿ. ಎರಡು ಸೀಟಿನ ಮಾಜ್ದಾ ಕಾರು, ಈಗಿನ ಎಂಎಕ್ಸ್-5ರ ಡಿಕ್ಕಿಯೇ 130 ಲೀಟರ್. ಗಟ್ಟಿ ಅಂಚಿಲ್ಲದ ಸಣ್ಣ ಬಟ್ಟೆ ಚೀಲಗಳು ನಾಲ್ಕು ತೆಗೆದುಕೊಳ್ಳಿ, ಮೂಲೆಗಳಿಗೆ ತುರುಕಬಹುದು. ಭಾರದ್ದನ್ನು ಕೆಳಗೆ, ಸೀಟಿನ ಕಡೆಗೆ. ಬೆಚ್ಚನೆಯ ಟೊಪ್ಪಿ ಮತ್ತು ಮಳೆಯಂಗಿ ಮಾತ್ರ ಕೈಗೆ ಸಿಗುವಂತಿರಲಿ.

ಪಕ್ಕದ ಸೀಟು:

ನಾಲ್ಕರಲ್ಲಿ ಮೂರು ಪಕ್ಕದ ಸೀಟಿನವರಿಗೆ. ಇದು ಚರ್ಚೆಗಿಲ್ಲ.